ಸೋಮವಾರದ ಸೊನ್ನೆ

ಯಾವ ತಂತಿಯೂ ಕರೆಂಟನ್ನು ಪುಕ್ಕಟೆ ಸಾಗಿಸುವುದಿಲ್ಲ. ಮದುವೆ ಮನೆಗೆ ಹೊತ್ತೊಯ್ಯುವ ಬೂಂದಿ ಬುಟ್ಟಿ ದಾರಿಯಲ್ಲೇ ಒಂದಿಷ್ಟು ಹಗುರಾಗುವ ಹಾಗೆ, ತನ್ನೊಳಗೆ ಹರಿಯುವ ವಿದ್ಯುತ್ತಿನಲ್ಲಿ ಸ್ವಲ್ಪವನ್ನು ತಂತಿ ತಾನೇ ತಿಂದು ಬಿಸಿಯಾಗುತ್ತದೆ. ಎಷ್ಟು ತಿಂದಿತು ಎನ್ನುವ ಲೆಕ್ಕ ಸುಲಭ. ತಂತಿಯ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಅದರಲ್ಲಿ ಹರಿಯುವ ಕರೆಂಟಿನಿಂದ ಭಾಗಿಸಿದರೆ ಸಿಗುವುದು ತಂತಿಯ ರೋಧ. ಅದೇ ಎರಡನ್ನು ಗುಣಿಸಿದರೆ ಸಿಗುವುದು ಅದು ತಿಂದ ಶಕ್ತಿ, ಅಂದರೆ ಅಲ್ಲಿ ಹುಟ್ಟುವ ಬಿಸಿ. ಒಂದು ಭಾಗಾಕಾರ, ಒಂದು ಗುಣಾಕಾರ. ಹೈಸ್ಕೂಲಿನ ಮಕ್ಕಳು ಬೆರಳು ಮಡಚಿ ಮಾಡಿ ಮುಗಿಸುತ್ತಾರೆ. ಇಷ್ಟು ಸಣ್ಣ ಲೆಕ್ಕದಿಂದ ಒಂದು ಮನೆ ಮುರಿಯಬಹುದು ಎಂದು ಆ ಪಾಠ ಬರೆದವರು ಯೋಚಿಸಿರಲಿಕ್ಕಿಲ್ಲ.

ಏನನ್ನೂ ತಿನ್ನದ ತಂತಿ ಇದ್ದರೆ? ಅಂಥವು ಹಿಂದೆಯೂ ಇದ್ದವು. ಆದರೆ ಅವನ್ನು ಮಂಜುಗಡ್ಡೆಗಿಂತ ಎಷ್ಟೋ ಪಟ್ಟು ತಣ್ಣಗೆ ಇಡಬೇಕು, ಸ್ವಲ್ಪ ಬಿಸಿ ತಾಗಿದರೂ ಅವು ಮಾಮೂಲಿ ತಂತಿಯಾಗಿಬಿಡುತ್ತವೆ. ಗದಗದ ಹೊರವಲಯದ ಪ್ರಯೋಗಾಲಯದಲ್ಲಿ ವನಜಾ ಬಡಿಗೇರ ತಯಾರಿಸಿದ ಎಳೆ ಹಾಗಲ್ಲ. ಅದು ನಲವತ್ತೊಂದು ಡಿಗ್ರಿಯವರೆಗೂ ಕರೆಂಟನ್ನು ಒಂದು ಚೂರೂ ತಿನ್ನದೆ ಸಾಗಿಸುತ್ತಿತ್ತು. ಮನುಷ್ಯನ ಮೈಬಿಸಿ ಮೂವತ್ತೇಳು. ಅಂದರೆ ಆ ಎಳೆಯನ್ನು ಮೈಯೊಳಗೇ ಇಡಬಹುದು. ವನಜಾ ಅದನ್ನು ಮೊದಲು ಇಟ್ಟದ್ದು ತನ್ನ ಅತ್ತಿಗೆ ಕಸ್ತೂರಿಯ ಕುತ್ತಿಗೆಯೊಳಗೆ.

ಕಸ್ತೂರಿ ಬಸ್ ಕಂಡಕ್ಟರ್. ಗದಗ–ಗಜೇಂದ್ರಗಡ ರೂಟಿನಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವ ಗಟ್ಟಿಗರು ಕೂಡ ಅವಳು ಹುಬ್ಬು ಏರಿಸಿದರೆ ಎದ್ದು ಬಾಣಂತಿಗೆ ಜಾಗ ಬಿಡುತ್ತಿದ್ದರು. ಅವಳು ಟೇಲರ್ ಮೌನೇಶನ ಕೈಹಿಡಿದು ಬಂದಾಗ ಅವನ ತಂಗಿ ವನಜಾ ಇನ್ನೂ ಹೈಸ್ಕೂಲಿನ ಹುಡುಗಿ. ತಾಯಿಯಿಲ್ಲ, ತಂದೆಯಿಲ್ಲ. ಮುಂದೆ ಕಾಲೇಜಿಗೆಂದು ದಿನಾ ಗದಗಕ್ಕೆ ಹೋಗಬೇಕಾದಾಗ ವನಜಾ ಹತ್ತುತ್ತಿದ್ದದ್ದು ಅತ್ತಿಗೆಯ ಬಸ್ಸನ್ನೇ, ಕೂರುತ್ತಿದ್ದದ್ದು ಕಂಡಕ್ಟರ್ ಸೀಟಿನಲ್ಲೇ. ಪುಸ್ತಕ ತೊಡೆಯ ಮೇಲೆ. ಕಸ್ತೂರಿ ದಾರಿಯುದ್ದಕ್ಕೂ ನಿಂತೇ ಇರುತ್ತಿದ್ದಳು. ಅವರಿಬ್ಬರ ಸಂಬಂಧಕ್ಕೆ ಅತ್ತಿಗೆ ನಾದಿನಿ ಎನ್ನುವ ಹೆಸರು ಸಾಲದು. ಕಸ್ತೂರಿಗೆ ಮಕ್ಕಳಾಗಲಿಲ್ಲ, ಆ ಕೊರಗೂ ಅವಳಿಗೆ ಇರಲಿಲ್ಲ. ಕೇಳಿದವರಿಗೆ, "ನಮಗ ಒಬ್ಬಾಕಿ ಅದಾಳಲ್ರೀ, ಸಾಕು," ಎನ್ನುತ್ತಿದ್ದಳು.

ಆಮೇಲೊಂದು ದಿನ ರೋಣದ ಹತ್ತಿರ ಬಸ್ಸು ಮೋರಿಯಿಂದ ಕೆಳಗೆ ಉರುಳಿತು. ಕೂತವರೆಲ್ಲ ಗಾಯಗಳಲ್ಲಿ ಪಾರಾದರು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರಮ್ಮನ ಕುತ್ತಿಗೆಯ ಬುಡದ ಎಲುಬು ಮುರಿಯಿತು. ಕೈ ಉಳಿದವು. ಎದೆಯಿಂದ ಕೆಳಗೆ ಏನೂ ಉಳಿಯಲಿಲ್ಲ.

ವನಜಾ ಆಗ ಗುಡ್ಡದ ಮೇಲಿನ ಗಾಳಿಯಂತ್ರಗಳಿಂದ ಊರಿಗೆ ಕರೆಂಟು ತರುವುದಕ್ಕೆಂದು ತನ್ನ ತಂತಿಯನ್ನು ದಪ್ಪ ಮಾಡುವ ಕೆಲಸದಲ್ಲಿದ್ದಳು. ಆಸ್ಪತ್ರೆಯಿಂದ ಬಂದವಳೇ ಅದನ್ನು ಸಣ್ಣ ಮಾಡತೊಡಗಿದಳು. ಮುರಿದ ಜಾಗದ ಮೇಲ್ಗಡೆ ಮಿದುಳಿನ ಅಪ್ಪಣೆಯನ್ನು ಹಿಡಿದು, ಕೂದಲೆಳೆಯಂಥ ಎಳೆಗಳ ಮೂಲಕ ಕೆಳಗಿನ ನರಗಳಿಗೆ ದಾಟಿಸುವುದು ಅವಳ ಯೋಚನೆ. ಕಾಲಿನ ನರಗಳು ಎಚ್ಚರಾಗಲು ಇಪ್ಪತ್ತು ಮಿಲಿ ಆಂಪಿಯರ್ ಕರೆಂಟು ಬೇಕು. ಅಷ್ಟು ಸಣ್ಣ ಎಳೆಯನ್ನು ತಾಮ್ರದಲ್ಲಿ ಮಾಡಿದರೆ ಅದು ಕಾದು ಬೆನ್ನುಹುರಿಯನ್ನೇ ಬೇಯಿಸುತ್ತದೆ. ಬೆನ್ನುಹುರಿ ತಾಳುವ ಬಿಸಿ ಮೂರೇ ಮಿಲಿವ್ಯಾಟ್. ರೋಧವೇ ಇಲ್ಲದ ಎಳೆಗೆ ಆ ಭಯ ಇಲ್ಲ. ಕೊನೆಗೊಂದು ದಿನ ಡಾಕ್ಟರ್ ಇನಾಮದಾರರು ಅದನ್ನು ಕಸ್ತೂರಿಯ ಕುತ್ತಿಗೆಯಲ್ಲಿ ಕೂರಿಸಿದರು. ಬ್ಯಾಟರಿ ಹೆಗಲ ಎಲುಬಿನ ಕೆಳಗೆ, ಕರೆಂಟು ಹೆಚ್ಚು ಕಡಿಮೆ ಮಾಡುವ ಡಬ್ಬಿ ಸೊಂಟದ ಪಟ್ಟಿಯಲ್ಲಿ.

ಕಸ್ತೂರಿ ಎದ್ದಳು. ಮೊದಲು ಗೋಡೆ ಹಿಡಿದು, ಆಮೇಲೆ ಗಂಡನ ಹೆಗಲು ಹಿಡಿದು, ಆಮೇಲೆ ಯಾರನ್ನೂ ಹಿಡಿಯದೆ. ಮತ್ತೆ ಖಾಕಿ ಹಾಕಿ ಡ್ಯೂಟಿಗೆ ಹೋದ ದಿನ ಡಿಪೋದವರೆಲ್ಲ ಸಾಲಾಗಿ ನಿಂತು ಚಪ್ಪಾಳೆ ಹೊಡೆದರು. "ಸಾಕ್ರೋ, ಬಸ್ ಲೇಟಾತು," ಎಂದು ಅವಳು ಸೀಟಿ ಊದಿದಳು.

ಪ್ರತಿ ಸೋಮವಾರ ಮಧ್ಯಾಹ್ನ ಡ್ಯೂಟಿ ಇಳಿದು ಅವಳು ಪ್ರಯೋಗಾಲಯಕ್ಕೆ ಬರಬೇಕಿತ್ತು. ಹೆಗಲ ಹತ್ತಿರದ ಎರಡು ಬಿಂದುಗಳಿಗೆ ವನಜಾ ಕ್ಲಿಪ್ಪು ಹಾಕುವಳು, ಇಪ್ಪತ್ತು ಮಿಲಿ ಆಂಪಿಯರ್ ಬಿಡುವಳು, ವೋಲ್ಟೇಜ್ ಓದುವಳು. ವೋಲ್ಟೇಜ್ ಸೊನ್ನೆ. ಸೊನ್ನೆಯನ್ನು ಇಪ್ಪತ್ತರಿಂದ ಭಾಗಿಸಿದರೂ ಸೊನ್ನೆ, ಗುಣಿಸಿದರೂ ಸೊನ್ನೆ. ರೋಧ ಇಲ್ಲ, ಬಿಸಿ ಇಲ್ಲ.

"ಸೊನ್ನಿ ಬಂತು ವೈನಿ," ಎಂದು ವನಜಾ ಅತ್ತಿಗೆಯ ಮುಖ ನೋಡಿ ಚಿಕ್ಕ ಹುಡುಗಿಯ ಹಾಗೆ ನಗುವಳು.

"ಸೊನ್ನಿ ಬಂದ್ರ ಹಲ್ಲ ಕಿಸಿಯಾಕಿ ನೀನೊಬ್ಬಾಕೀನ ನೋಡು. ಸಾಲ್ಯಾಗ ತಂದಿದ್ರ ನನ್ನ ಕೈಲೆ ಬೀಳ್ತಿದ್ದುವು."

ಹೊರಗಿನ ಮೊಗಸಾಲೆಯಲ್ಲಿ ಗಾಲಿಕುರ್ಚಿಗಳು ಸಾಲಾಗಿರುತ್ತಿದ್ದವು. ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು. ಒಂದು ವರ್ಷ ಪೂರ್ತಿ ಸೊನ್ನೆ ಬಂದರೆ ಅವರಿಗೂ ಎಳೆ ಹಾಕಬಹುದು ಎಂದು ಪರವಾನಗಿ ಕೊಡುವ ಸಮಿತಿ ಹೇಳಿತ್ತು. ಸಮಿತಿಗಳು ಹಾಗೆಯೇ, ಅವುಗಳಿಗೆ ವರ್ಷ ಎಂದರೆ ಒಂದು ಫೈಲು. ಕಸ್ತೂರಿ ಹೊರಡುವಾಗ ಆ ಮೊಗಸಾಲೆಯಲ್ಲಿ ಬೇಕೆಂದೇ ಎರಡು ಸಲ ಅತ್ತಿಂದಿತ್ತ ಓಡಾಡುವಳು. ಅವರೆಲ್ಲ ಅವಳ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು.

ಬೇಸಿಗೆ ಏರಿತು. ಗದಗ ಸೀಮೆಯ ಬಿಸಿಲು ಎಂದರೆ ತಗಡಿನ ಬಸ್ಸಿನೊಳಗೆ ಕೂತವರಿಗೇ ಗೊತ್ತು. ಡ್ರೈವರು, ಕಂಡಕ್ಟರು, ಪ್ರಯಾಣಿಕರು ಎಲ್ಲರ ಕುತ್ತಿಗೆಯ ಸುತ್ತಲೂ ಒದ್ದೆ ಟವೆಲ್ಲು. ಕಸ್ತೂರಿಗೆ ಆಗ ಕುತ್ತಿಗೆಯ ಹಿಂದೆ, ಒಳಗೆಲ್ಲೋ, ಯಾರೋ ಊದುಬತ್ತಿ ಒತ್ತಿ ಹಿಡಿದ ಹಾಗೆ ಉರಿ ಶುರುವಾಗಿತ್ತು. ಒದ್ದೆ ಟವೆಲ್ಲು ಹಾಕಿದರೆ ಉರಿ ಇಳಿಯುತ್ತಿತ್ತು, ಕಾಲೂ ಹಗುರಾಗುತ್ತಿತ್ತು. ಬಿಸಿಲಿನ ಝಳ ಇರಬೇಕು ಎಂದುಕೊಂಡಳು. ಯಾರಾದರೂ ಹಾಗೆಯೇ ಅಂದುಕೊಳ್ಳುವರು.

ಸೋಮವಾರ ಮಾತ್ರ ಅವಳು ಇನ್ನೊಂದು ಕೆಲಸ ಮಾಡುತ್ತಿದ್ದಳು. ಡಿಪೋ ಎದುರಿನ ಕಬ್ಬಿನ ಹಾಲಿನ ಅಂಗಡಿಯಲ್ಲಿ ಒಂದು ಹಿಡಿ ಐಸು ಇಸಿದುಕೊಂಡು, ಟವೆಲ್ಲಿನಲ್ಲಿ ಸುತ್ತಿ, ಕುತ್ತಿಗೆಗೆ ಕಟ್ಟಿಕೊಂಡು ಪ್ರಯೋಗಾಲಯಕ್ಕೆ ಹೋಗುವಳು. ಒಂದು ಸೋಮವಾರ ಅಲ್ಲಿಗೆ ಬಂದಿದ್ದ ಮೌನೇಶ ಅದನ್ನು ನೋಡಿದ.

"ಇದೇನ ಕಸ್ತೂರಿ, ಐಸ್ ಯಾಕ?"

"ದೊಡ್ಡ ಸಾಹೇಬ್ರು ಬರ್ತಾರಂದ್ರ ನಾವು ಡಿಪೋ ತೊಳಿಯೂದಿಲ್ಲೇನ್ರೀ? ಬಸ್ಸಿಗೆ ನೀರ ಹೊಡಿಯೂದಿಲ್ಲೇನು? ಹಂಗ ಇದೂ. ವನಜಾನ ಮುಂದ ಕಾದ ಹಂಚಿನಂಗ ಹೋಗಿ ಕುಂದ್ರಲೇನು?"

ಮೌನೇಶನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ತಪಾಸಣೆಗೆ ಹೋಗುವವರು ಮಿಂದು ಮಡಿಯುಟ್ಟು ಹೋಗುವುದಿಲ್ಲವೇ? ಡಾಕ್ಟರ ಹತ್ತಿರ ಹೋಗುವ ಮೊದಲು ತಲೆ ಬಾಚಿಕೊಳ್ಳುವುದು ನಮ್ಮ ಜನರ ರೂಢಿ. ಆ ರೂಢಿಯಿಂದ ಅಳತೆಯೇ ಸುಳ್ಳಾಗಬಹುದು ಎನ್ನುವುದು ಅವರಿಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಆಮೇಲೆ, ಕಸ್ತೂರಿಯ ಎಡಗೈಯ ಕಿರುಬೆರಳು, ಉಂಗುರದ ಬೆರಳು ಮರಗಟ್ಟಿದಾಗ. ಟಿಕೆಟ್ ಮಶೀನಿನ ಗುಂಡಿ ಒತ್ತಿದ್ದು ಬೆರಳಿಗೆ ತಿಳಿಯುತ್ತಿರಲಿಲ್ಲ. ರೋಣಕ್ಕೆ ಹೋಗುವವರಿಗೆ ಗಜೇಂದ್ರಗಡದ ಟಿಕೆಟ್ಟು ಬರುತ್ತಿತ್ತು. ಅನ್ನದ ತುತ್ತು ಜಾರುತ್ತಿತ್ತು. ಊಟಕ್ಕೆ ಕೂತಾಗ ಮೌನೇಶ ಅದನ್ನು ಗಮನಿಸಿ, "ವನಜಾಗ ಹೇಳೂಣು," ಎಂದ.

ಕಸ್ತೂರಿ ತಟ್ಟೆ ಸರಿಸಿದಳು. "ಹೇಳಿದ್ರ ಏನಾಗತೈತಿ ಗೊತ್ತೈತೇನ್ರೀ? ಆಕಿ ಆ ತಂತಿ ತಗಸ್ತಾಳ. ಮತ್ತ ನನ್ನ ನೀವ ಎತ್ತಬೇಕು, ನೀವ ತೊಳೀಬೇಕು. ಆರು ವರ್ಷ ಮಾಡೀರಿ. ನಿಮ್ಮ ನಡಾ ನೋಡ್ಕೋರಿ, ಬಾಗೇತಿ."

"ನನ್ನ ನಡಾ ಹಾಳಾಗಿ ಹೋಗ್ಲಿ."

"ಮತ್ತ ಆಕಿ? ಆರು ವರ್ಷ ಆಕಿ ಲಗ್ನಾ ಬಿಟ್ಟು, ಹಬ್ಬಾ ಬಿಟ್ಟು ಅದನ್ನ ಹೆಣದಾಳ. ಅದು ಸೋತೈತಿ ಅಂತ ನನ್ನ ಬಾಯಿಂದ ಹೇಳಲೇನು? ಬಿಸಲಾ ಇಳದಮ್ಯಾಲೆ ಎಲ್ಲಾ ಸರಿ ಹೋಗತೈತಿ. ಸುಮ್ನ ಉಣ್ರಿ."

ಅವಳು ಹೆದರಿದ್ದಳು. ಗಜೇಂದ್ರಗಡದ ಪುಂಡರಿಗೆ ಹೆದರದವಳು ಒಂದು ಕುರ್ಚಿಗೆ ಹೆದರಿದ್ದಳು. ಅವಳನ್ನು ಸುಳ್ಳಿ ಎನ್ನುವವರು ಆರು ವರ್ಷ ಹಾಸಿಗೆಯಲ್ಲಿ ಮಲಗಿ, ಬೇರೆಯವರ ಕೈಯಿಂದ ಮೈ ತೊಳೆಸಿಕೊಂಡು ಬಂದು ಮಾತಾಡಲಿ.

ಮಳೆಗೆ ಇನ್ನೂ ಹದಿನೈದು ದಿನ ಇರುವಾಗ ಅದು ಹೊರಬಿತ್ತು. ಆ ಸೋಮವಾರವೂ ಎಂದಿನ ಹಾಗೆ ಕ್ಲಿಪ್ಪು ಹಾಕಿ, ಕರೆಂಟು ಬಿಟ್ಟು, ಸೊನ್ನೆ ಓದಿ, ಇಬ್ಬರೂ ನಕ್ಕದ್ದಾಗಿತ್ತು. ಕ್ಲಿಪ್ಪು ತೆಗೆಯುವ ಮೊದಲು ಸಮಿತಿಯ ಅಧ್ಯಕ್ಷರ ಫೋನು ಬಂತು. "ಕೂತಿರ್ರಿ ವೈನಿ, ಬಂದೆ," ಎಂದು ವನಜಾ ಪಕ್ಕದ ಕೋಣೆಗೆ ಹೋದಳು. ಅಧ್ಯಕ್ಷರು ಬೇಗ ಬಿಡುವ ಪೈಕಿ ಅಲ್ಲ. ಎಷ್ಟು ಜನರಿಗೆ ಎಳೆ ಹಾಕಬಹುದು, ಉದ್ಘಾಟನೆಗೆ ಯಾರನ್ನು ಕರೆಯಬೇಕು ಎಂದು ಅರ್ಧ ಗಂಟೆ ಮಾತಾಡಿದರು.

ವಾಪಸು ಬಂದಾಗ ಕಸ್ತೂರಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ನಸುಕಿನ ಬಸ್ಸಿನ ಡ್ಯೂಟಿ, ಪಾಪ. ಟವೆಲ್ಲು ಜಾರಿ ತೊಡೆಯ ಮೇಲೆ ಬಿದ್ದಿತ್ತು. ಮೀಟರು 0.11 ವೋಲ್ಟ್ ತೋರಿಸುತ್ತಿತ್ತು.

ಕ್ಲಿಪ್ಪು ಸಡಿಲಾಗಿದೆ ಎಂದುಕೊಂಡಳು ವನಜಾ. ಅಳೆಯುವ ಕೆಲಸದವರಿಗೆಲ್ಲ ಮೊದಲು ಬರುವ ಯೋಚನೆ ಅದೇ. ವಸ್ತುವಿನ ಮೇಲೆ ಅನುಮಾನ ಬರುವ ಮೊದಲು ಅವರು ಕ್ಲಿಪ್ಪನ್ನು ಬೈಯುತ್ತಾರೆ. ಅವಳು ಕ್ಲಿಪ್ಪು ಒತ್ತಿದಳು. 0.13. ತಂತಿ ಬದಲಾಯಿಸಿದಳು. 0.16. ಮೀಟರು ಕೆಟ್ಟಿರಬೇಕು ಎಂದು ಬೇರೆ ಮೀಟರು ಹಚ್ಚಿದಳು. ಅದು 0.19 ಎಂದಿತು. ಅಂಕಿ ಕುಣಿಯುತ್ತಿರಲಿಲ್ಲ, ನಿಧಾನವಾಗಿ ಏರುತ್ತಿತ್ತು. ಸಡಿಲ ಕ್ಲಿಪ್ಪು ಹಾಗೆ ಏರುವುದಿಲ್ಲ.

0.24ಕ್ಕೆ ಬಂದು ನಿಂತಿತು. ವನಜಾಳ ಬಾಯಿ ತಾನಾಗಿ ಲೆಕ್ಕ ಹಾಕಿತು. 0.24ನ್ನು ಇಪ್ಪತ್ತು ಮಿಲಿ ಆಂಪಿಯರಿನಿಂದ, ಅಂದರೆ 0.02ರಿಂದ, ಭಾಗಿಸಿದರೆ ಹನ್ನೆರಡು ಓಮ್ ರೋಧ. ಗುಣಿಸಿದರೆ ನಾಲ್ಕು ಪಾಯಿಂಟ್ ಎಂಟು ಮಿಲಿವ್ಯಾಟ್. ತಾಳುವುದು ಮೂರು. ಅವಳು ಮತ್ತೊಮ್ಮೆ ಗುಣಿಸಿದಳು, ಎಂದಾದರೂ ಗುಣಾಕಾರ ಕೈಹಿಡಿಯಬಹುದು ಎನ್ನುವ ಹಾಗೆ. ಅಷ್ಟೇ ಬಂತು.

ಕರೆಂಟು ಆರಿಸಿ ಅವಳು ಅತ್ತಿಗೆಯ ಕುತ್ತಿಗೆ ಮುಟ್ಟಿದಳು. ಚರ್ಮ ಇನ್ನೂ ತಣ್ಣಗಿತ್ತು. ತೊಡೆಯ ಮೇಲಿನ ಟವೆಲ್ಲು ಎತ್ತಿದಾಗ ಅದರೊಳಗಿಂದ ಐಸಿನ ಕೊನೆಯ ಚೂರು ನೆಲಕ್ಕೆ ಬಿತ್ತು. ಅಲ್ಲಿಗೆ ಅವಳಿಗೆ ಎಲ್ಲ ತಿಳಿಯಿತು. ಎಳೆ ಮೈಯೊಳಗಿದ್ದು ಮುಪ್ಪಾಗಿದೆ. ನಲವತ್ತೊಂದು ಡಿಗ್ರಿಯವರೆಗೆ ತಾಳುತ್ತಿದ್ದದ್ದು ಇಳಿದು ಇಳಿದು ಮೈಬಿಸಿಗಿಂತಲೂ ಕೆಳಗೆ ಬಂದಿದೆ. ಐಸು ಕಟ್ಟಿದರೆ ಒಳಗೆ ಒಂದು ಡಿಗ್ರಿ ಇಳಿದು, ಅರ್ಧ ಗಳಿಗೆ ಮತ್ತೆ ಸೊನ್ನೆಯಾಗುತ್ತದೆ. ಸೋಮವಾರ ಮಧ್ಯಾಹ್ನದ ಆ ಅರ್ಧ ಗಳಿಗೆಯನ್ನೇ ತಾನು ಅಳೆಯುತ್ತ ಬಂದದ್ದು. ವಾರದ ಉಳಿದ ಹೊತ್ತೆಲ್ಲ ಈ ಜೀವ ಸುಡುತ್ತಿತ್ತು.

"ವೈನಿ."

ಕಸ್ತೂರಿ ಕಣ್ಣು ಬಿಟ್ಟಳು. ನಾದಿನಿಯ ಮುಖ ನೋಡಿದಳು, ಅವಳ ಕೈಯಲ್ಲಿದ್ದ ಟವೆಲ್ಲು ನೋಡಿದಳು.

"ಯಾವಾಗಿಂದ ಉರಿಯಾಕತ್ತೈತಿ?"

"ಎಲ್ಲಿ ಉರಿ? ಬಿಸಲಿಗೆ ಎಲ್ಲಾರಿಗೂ—"

"ಕೈ ಕೊಡ್ರಿ." ವನಜಾ ಒಂದೊಂದೇ ಬೆರಳನ್ನು ಚಿವುಟುತ್ತ ಬಂದಳು. ಕಿರುಬೆರಳು, ಉಂಗುರದ ಬೆರಳು ಚಿವುಟಿದಾಗ ಕಸ್ತೂರಿ ಬೇರೆಲ್ಲೋ ನೋಡುತ್ತಿದ್ದಳು. ಅವಳಿಗೆ ಚಿವುಟಿದ್ದೇ ಗೊತ್ತಾಗಿರಲಿಲ್ಲ. ವನಜಾ ಆ ಕೈಯನ್ನು ಬಿಡದೆ ಹಿಡಿದುಕೊಂಡು ಜೋರಾಗಿ ಅತ್ತಳು. ಪ್ರಯೋಗಾಲಯದ ಉಳಿದವರು ಬಾಗಿಲವರೆಗೆ ಬಂದು, ನೋಡಲಾರದೆ ಹಿಂದೆ ಸರಿದರು.

ಸಂಜೆ ಮನೆಯಲ್ಲಿ ಮೂವರೂ ಕೂತರು. ವನಜಾ ಬಿಡಿಸಿ ಹೇಳಿದಳು. ಬಿಸಿ ಬೆನ್ನುಹುರಿಯಲ್ಲಿ ಮೇಲಕ್ಕೆ ಹತ್ತುತ್ತಿದೆ. ಮೊದಲು ಬೆರಳು, ಆಮೇಲೆ ಕೈ, ಅದರ ಮೇಲೆ ಇರುವುದು ಉಸಿರಾಡಿಸುವ ನರ. ಎಳೆಯ ಸುತ್ತ ನರ ಬೆಳೆದುಕೊಂಡಿರುವುದರಿಂದ ಅದನ್ನು ತೆಗೆದು ಹೊಸದು ಹಾಕುವ ಹಾಗಿಲ್ಲ. ಕರೆಂಟು ಆರಿಸಬಹುದು, ಅಷ್ಟೇ.

"ಹಂಗಾರ ಐಸ ಕಟ್ಕೊಂಡ ಇರ್ತೀನಿ," ಎಂದಳು ಕಸ್ತೂರಿ.

"ಇವತ್ತ ಒಂದ ಡಿಗ್ರಿ ಸಾಕು ವೈನಿ. ಮುಂದಿನ ತಿಂಗಳ ಎರಡ ಬೇಕು, ಅದರ ಮುಂದ ಮೂರು. ಐಸಿಗೆ ಅಷ್ಟು ಒಳಗ ಇಳಿಯಾಕ ಆಗೂದಿಲ್ಲ."

"ಕರೆಂಟ ಕಡಿಮಿ ಮಾಡು. ಪೂರಾ ಯಾಕ ಆರಸ್ತಿ? ಅರ್ಧಾ ಕೊಡು."

ಅದು ವನಜಾಳಿಗೂ ಹೊಳೆದಿತ್ತು, ಹೇಳಲು ಹೆದರಿಕೆಯಾಗಿತ್ತು. ಕರೆಂಟು ಅರ್ಧವಾದರೆ ವೋಲ್ಟೇಜೂ ಅರ್ಧವಾಗುತ್ತದೆ, ಎರಡರ ಗುಣಾಕಾರ ಕಾಲು ಭಾಗಕ್ಕೆ ಇಳಿಯುತ್ತದೆ. ನಾಲ್ಕು ಪಾಯಿಂಟ್ ಎಂಟು ಇದ್ದದ್ದು ಒಂದು ಪಾಯಿಂಟ್ ಎರಡು. ಅಪಾಯದಿಂದ ಎಷ್ಟೋ ದೂರ. ಆದರೆ ಅರ್ಧ ಕರೆಂಟಿಗೆ ಕಾಲು ಏಳುತ್ತದೆಯೇ?

"ನೋಡೂಣು," ಎಂದು ಅವಳು ಅತ್ತಿಗೆಯ ಸೊಂಟದ ಡಬ್ಬಿಯ ಗುಂಡಿ ತಿರುವಿದಳು.

ಕಸ್ತೂರಿ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಳು. ಮೊಣಕಾಲು ಗಡಗಡ ನಡುಗಿದವು, ಆದರೂ ನಿಂತಳು. ಒಂದು ಹೆಜ್ಜೆ ಇಡಲು ಹೋಗಿ ಕುಸಿದಾಗ ಮೌನೇಶ ಹಿಡಿದುಕೊಂಡ. ಅವಳು ಅವನ ತೋಳಲ್ಲಿದ್ದುಕೊಂಡೇ ನಕ್ಕಳು. "ನಿಂತೆ ಹೌದಿಲ್ಲೋ? ನಿಂತ್ರ ಸಾಕ್ರೀ ನನಗ. ಬಸ್ ಡ್ಯೂಟಿ ಬ್ಯಾಡ. ಒಲಿ ಮುಂದ ನಿಂತು ನಿಮಗೊಂದು ರೊಟ್ಟಿ ಬಡದ್ ಹಾಕಿದ್ರ ಸಾಕು."

ಹೀಗೆ ಇಪ್ಪತ್ತು ಇದ್ದದ್ದು ಹತ್ತಾಯಿತು. ಮಳೆಗಾಲವನ್ನು ಆ ಮನೆ ಹತ್ತು ಮಿಲಿ ಆಂಪಿಯರಿನಲ್ಲಿ ಕಳೆಯಿತು. ಕಸ್ತೂರಿ ಖಾಕಿ ಬಟ್ಟೆ ಮಡಚಿ ಇಟ್ಟಳು. ಬೆಳಗ್ಗೆ ಒಲೆಯ ಕಟ್ಟೆಗೆ ಹೊಟ್ಟೆ ಆನಿಸಿಕೊಂಡು ನಿಲ್ಲುವಳು, ಕಿಟಕಿಯ ಸರಳು ಹಿಡಿದು ಬೀದಿ ನೋಡುವಳು. ತರಕಾರಿ ಮಾರುವವಳ ಜೊತೆ ನಿಂತೇ ಚೌಕಾಸಿ ಮಾಡುವಳು. ಕೂತು ಚೌಕಾಸಿ ಮಾಡಿದರೆ ರೇಟು ಇಳಿಯುವುದಿಲ್ಲ ಎನ್ನುವುದು ಅವಳ ಸಿದ್ಧಾಂತ. ನಿಂತವರನ್ನು ನಾವು ಯಾರೂ ಅಷ್ಟಾಗಿ ನೋಡುವುದಿಲ್ಲ. ಆ ಮನೆಯಲ್ಲಿ ಅವಳು ನಿಂತಾಗಲೆಲ್ಲ ಮೌನೇಶ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದ.

ಪ್ರಯೋಗಾಲಯದಲ್ಲಿ ವನಜಾ ಉಳಿದ ಎಳೆಗಳನ್ನು ಉಪ್ಪುನೀರಿನಲ್ಲಿ, ಮೈಬಿಸಿಯಲ್ಲಿ ಇಟ್ಟು ನೋಡಿದಳು. ಎಲ್ಲವೂ ಮುಪ್ಪಾಗುತ್ತಿದ್ದವು. ಮೊಗಸಾಲೆಯಲ್ಲಿ ಕಾದಿದ್ದವರಿಗೆ ಅವಳೇ ಹೋಗಿ ಹೇಳಿದಳು. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಒಬ್ಬ ಮುದುಕ ಮಾತ್ರ, ಮೊಮ್ಮಗಳ ಗಾಲಿಕುರ್ಚಿ ತಿರುಗಿಸುತ್ತ, "ಆ ಕಂಡಕ್ಟರಮ್ಮ ಆರಾಮ ಅದಾರೇನ್ರಿ?" ಎಂದು ಕೇಳಿ ಹೋದ.

ಈಗ ಸೋಮವಾರದ ಅಳತೆ ಮನೆಯಲ್ಲೇ. ಟವೆಲ್ಲಿಲ್ಲ, ಐಸಿಲ್ಲ. ಕಸ್ತೂರಿ ಕಣ್ಣು ಮುಚ್ಚಿಕೊಂಡು ಕೂರುವಳು, ವನಜಾ ಅಂಕಿ ಓದುವಳು. ಹದಿನೆಂಟು ಓಮ್. ಇಪ್ಪತ್ತಾರು. ಇಪ್ಪತ್ತೊಂಬತ್ತು. ಒಂದು ಸೋಮವಾರ ಹತ್ತು ಮಿಲಿ ಆಂಪಿಯರಿಗೆ ವೋಲ್ಟೇಜು 0.4 ಬಂತು. ರೋಧ ನಲವತ್ತು ಓಮ್. ಬಿಸಿ ನಾಲ್ಕು ಮಿಲಿವ್ಯಾಟ್.

"ಎಷ್ಟ?" ಎಂದಳು ಕಸ್ತೂರಿ, ಕಣ್ಣು ಮುಚ್ಚಿಕೊಂಡೇ.

"ನಾಕು."

"ಇನ್ನ ಅರ್ಧಾ ಮಾಡು."

ಮಾಡಿದಳು. ಐದು ಮಿಲಿ ಆಂಪಿಯರ್. ಮತ್ತೆ ಬಿಸಿ ಕಾಲು ಭಾಗಕ್ಕೆ ಇಳಿದು ಒಂದೇ ಮಿಲಿವ್ಯಾಟ್ ಆಯಿತು. ಲೆಕ್ಕ ಚೆನ್ನಾಗಿಯೇ ಇತ್ತು. ಕಸ್ತೂರಿ ಮೌನೇಶನ ಕೈ ಹಿಡಿದು ಏಳಲು ನೋಡಿದಳು. ಮೈಯೆಲ್ಲ ಬೆವರಿತು, ಹಲ್ಲು ಕಚ್ಚಿದಳು, ಹಣೆಯ ನರ ಉಬ್ಬಿತು. ಕಾಲಿನ ಒಂದು ಬೆರಳೂ ಅಲುಗಲಿಲ್ಲ.

ಡಾಕ್ಟರ್ ಇನಾಮದಾರರು ಬಂದು ನೋಡಿದರು. ನಡುಬೆರಳೂ ಮರಗಟ್ಟಲು ಶುರುವಾಗಿತ್ತು. "ಹತ್ತರಾಗ ಇಟ್ಟರ ಚಳಿಗಾಲ ದಾಟೂದಿಲ್ಲ. ಇಂದು ಆರಿಸಿದರ ಕೈ ಉಳೀತಾವ, ಜೀವ ಉಳೀತೈತಿ," ಎಂದು ಮೌನೇಶನಿಗೆ ಹೇಳಿದರು. ಕಸ್ತೂರಿ ಒಳಗಿನಿಂದ ಕೂಗಿದಳು: "ನನಗ ಹೇಳ್ರಿ ಡಾಕ್ಟ್ರ, ಕಾಲು ನನ್ನವು." ಅವರು ಒಳಗೆ ಹೋಗಿ ಅವಳಿಗೂ ಅದನ್ನೇ ಹೇಳಿದರು. ಅವಳು ಎರಡೂ ಕೈಯಿಂದ ಮೊಣಕಾಲು ಒತ್ತಿ ನೋಡಿಕೊಂಡಳು. ಕಡೆಗೆ, "ನಾಳೆ ಮುಂಜಾನೆ," ಎಂದಳು.

ಮರುದಿನ ಅವಳು ತಲೆಗೆ ಎಣ್ಣೆ ಹಚ್ಚಿಸಿಕೊಂಡು ಸ್ನಾನ ಮಾಡಿ, ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ವನಜಾ ಗದಗದಿಂದ ಬಂದಾಗ ಹಾಸಿಗೆಯ ಮೇಲೆ ಕೂತಿದ್ದಳು.

"ಕುಂತಾಗ ಬ್ಯಾಡ ವನಜಾ. ಕುಂತಾಗ ಆರಿಸಿದ್ರ ನನಗ ತಿಳಿಯೂದ ಇಲ್ಲ. ಒಮ್ಮಿ ಪೂರಾ ಕೊಡು. ಇಪ್ಪತ್ತು. ಅಂಗಳದಾಗ ನಡೀತೀನಿ. ಆಮ್ಯಾಲೆ ನಿಂತಾಗ ಆರಿಸು."

ಇಪ್ಪತ್ತು ಅಂದರೆ ನಲವತ್ತು ಓಮ್‌ಗೆ ಹದಿನಾರು ಮಿಲಿವ್ಯಾಟ್. ವನಜಾ ಬೇಡ ಎನ್ನಬೇಕಿತ್ತು. ಅತ್ತಿಗೆಯ ಮುಖ ನೋಡಿ, "ಸ್ವಲ್ಪ ಹೊತ್ತು ಅಷ್ಟ," ಎಂದಳು. ಲೆಕ್ಕಕ್ಕೆ ಒಂದು ಮರ್ಯಾದೆ ಇದೆ, ಆದರೆ ಮನುಷ್ಯರಿಗೂ ಒಂದು ಇದೆ.

ಕಸ್ತೂರಿ ಎದ್ದಳು. ಅಂಗಳಕ್ಕೆ ಇಳಿದಳು. ಕಟ್ಟೆಯವರೆಗೆ ಹೋಗಿ ತಿರುಗಿ ಬಂದಳು, ಮತ್ತೆ ಹೋದಳು. ಹಸಿ ನೆಲದಲ್ಲಿ ಅಂಗಾಲು ಒತ್ತಿ ಒತ್ತಿ ಇಟ್ಟಳು. ಪಕ್ಕದ ಮನೆಯವಳು ಗೋಡೆಯಾಚೆಯಿಂದ, "ಕಸ್ತೂರೀ, ಆರಾಮಾದ್ಯೇನ ನಮ್ಮವ್ವಾ!" ಎಂದು ಖುಷಿಯಿಂದ ಕೂಗಿದಳು. ಕಸ್ತೂರಿ ಕೈ ಎತ್ತಿ ತೋರಿಸಿದಳು. ಕುತ್ತಿಗೆಯ ಉರಿಗೆ ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಆದರೂ ಮೂರನೇ ಸಲ ಹೋಗಿ ಬಂದಳು. ಬಂದು ಮೌನೇಶನ ಎದುರು ನಿಂತಳು. ಅವಳು ಅವನಿಗಿಂತ ಎರಡು ಬೆರಳು ಎತ್ತರ. ಮದುವೆಯಲ್ಲಿ ಎಲ್ಲರೂ ಚೇಷ್ಟೆ ಮಾಡಿದ್ದರು. ಅವನು ಅವಳ ನಡು ಹಿಡಿದುಕೊಂಡ.

ಅವಳು ಡಬ್ಬಿಯ ಗುಂಡಿಗೆ ಬೆರಳು ಹಾಕಿದಳು. ಸ್ವಲ್ಪ ಹೊತ್ತು ತಡಕಾಡಿದಳು.

"ನನ್ನ ಬೆರಳಿಗೆ ತಿಳಿವಲ್ತು. ನೀನ ತಿರುವು ವನಜಾ."

ವನಜಾಳಿಗೆ ಕೈ ಬರಲಿಲ್ಲ. "ಅಣ್ಣಾ, ನೀ..." ಎಂದಳು.

"ಅವ್ರು ನನ್ನ ಹಿಡದಾರ. ನೀನ ತಿರುವು."

ವನಜಾ ತಿರುವಿದಳು. ಇಪ್ಪತ್ತು, ಹದಿನೈದು, ಹತ್ತು. ಒಮ್ಮೆಲೇ ಆರಿಸುವ ಧೈರ್ಯ ಅವಳಿಗೆ ಇರಲಿಲ್ಲ. ಅದಕ್ಕೇ ಕಸ್ತೂರಿಯ ಕಾಲು ಸ್ವಲ್ಪ ಸ್ವಲ್ಪವೇ ಹೋದವು, ಮೊದಲು ಮೊಣಕಾಲು ನಡುಗಿ, ಆಮೇಲೆ ತೊಡೆ ಸೋತು. ಕಸ್ತೂರಿ ಗಂಡನ ಮುಖ ನೋಡಲಿಲ್ಲ. ಕೆಳಗೆ ಇಳಿಯುತ್ತ ಇಳಿಯುತ್ತ ವನಜಾಳ ಕಣ್ಣನ್ನೇ ನೋಡುತ್ತಿದ್ದಳು. ಗುಂಡಿ ಕೊನೆ ಮುಟ್ಟಿದಾಗ ಅವಳ ಬಾಯಿಂದ "ಯವ್ವಾ" ಎಂದೊಂದು ಸಣ್ಣ ಮಾತು ಬಂತು, ಅಷ್ಟೇ. ಮೌನೇಶ ಅವಳನ್ನು ಎತ್ತಿಕೊಂಡು ಒಳಗೆ ಹೋದ.

ಕಸ್ತೂರಿ ಬದುಕಿದಳು. ನಡುಬೆರಳಿಗೆ ಮೊದಲು ಸ್ಪರ್ಶ ಬಂತು, ಆಮೇಲೆ ಉಂಗುರದ ಬೆರಳಿಗೂ. ಡಾಕ್ಟರು ಬೆನ್ನು ತಟ್ಟಿದರು. ಓಣಿಯವರು ವನಜಾಳನ್ನು ಕಂಡಾಗಲೆಲ್ಲ, "ತಾಯಿ ಉಳಿಸಿದಂಗ ಉಳಿಸಿದ್ಯವಾ," ಎಂದು ಕೈಮುಗಿದರು. ಮೌನೇಶ ಹೊಲಿಗೆ ಮಶೀನನ್ನು ಹಿತ್ತಲ ಕೋಣೆಗೆ ಒಯ್ದ. ಕಾಲಿನಿಂದ ಪೆಡಲು ತುಳಿಯುವುದು ಅವಳ ಕಣ್ಣಿಗೆ ಬೀಳದಿರಲಿ ಎಂದು.

ಅಳೆಯುವುದು ಏನೂ ಉಳಿದಿರದಿದ್ದರೂ ವನಜಾ ಸೋಮವಾರ ಬರುತ್ತಿದ್ದಳು. ಹಣ್ಣು ತರುವಳು, ಕೂರುವಳು. ಕಸ್ತೂರಿ ಗೋಡೆಯ ಕಡೆ ಹೊರಳಿಕೊಂಡೇ ಮಾತಾಡುವಳು. ಮೊದಮೊದಲು ನಾಲ್ಕು ಮಾತು ಇದ್ದವು, ಆಮೇಲೆ ಎರಡಾದವು. ಒಂದು ಸೋಮವಾರ ವನಜಾ ಹಾಸಿಗೆಯ ಬದಿ ಕೂತು, ಅತ್ತಿಗೆಯ ಕೂದಲು ಬಾಚಲು ಕೈ ಹಾಕಿದಾಗ, ಕಸ್ತೂರಿ ಆ ಕೈಯನ್ನು ಮೆಲ್ಲಗೆ ಸರಿಸಿದಳು.

"ವನಜಾ, ನಿನ್ನ ಮ್ಯಾಲೆ ನಂಗ ಸಿಟ್ಟಿಲ್ಲ. ಆ ದೇವರಾಣಿ ಇಲ್ಲ. ಸರೀನ ಮಾಡೀದಿ, ಎಲ್ಲಾರೂ ಹೇಳ್ತಾರ, ನನಗೂ ಗೊತ್ತೈತಿ." ಅವಳು ಉಸಿರು ಎಳೆದುಕೊಂಡಳು. "ಆದ್ರ ನಿನ್ನ ಮಾರಿ ನೋಡಿದ ಕೂಡ್ಲೇ ನನ್ನ ಕಾಲು ಮತ್ತ ಹೋಗತಾವ. ದಿನಾ ಒಮ್ಮಿ ಹೋದ್ರ ತಡಕೋತೀನಿ, ನೀ ಬಂದಾಗೂ ಹೋದ್ರ ತಡ್ಕೊಳ್ಳಾಕ ಆಗವಲ್ತು. ಸ್ವಲ್ಪ ದಿನ ಬರಬ್ಯಾಡ ನಮ್ಮವ್ವಾ."

"ಎಷ್ಟ ದಿನ ವೈನಿ?"

ಕಸ್ತೂರಿ ಚಾದರವನ್ನು ಹೆಗಲವರೆಗೆ ಎಳೆದುಕೊಂಡಳು. ವನಜಾ ಬಾಚಣಿಕೆ ಕಿಟಕಿಯಲ್ಲಿ ಇಟ್ಟು ಹೊರಗೆ ಬಂದಳು. ಚಪ್ಪಲಿ ಮೆಟ್ಟಿಕೊಳ್ಳಲು ಬಗ್ಗಿದವಳು ಹಾಗೆಯೇ ಕಟ್ಟೆ ಹಿಡಿದು ನಿಂತಳು. ಅಪ್ಪ ಸತ್ತಾಗ ಚಿಕ್ಕವಳಿದ್ದಳು, ಅವ್ವ ಸತ್ತದ್ದು ನೆನಪೇ ಇಲ್ಲ. ತಬ್ಬಲಿಯಾಗುವುದು ಹೇಗಿರುತ್ತದೆ ಎಂದು ಅವಳಿಗೆ ಅಂದೇ ತಿಳಿದದ್ದು.

ಒಳಗಿನಿಂದ ಕಸ್ತೂರಿಯ ದನಿ ಕೇಳಿತು, ಗಂಡನಿಗೆ ಹೇಳುತ್ತಿದ್ದಳು: "ರೀ, ಆಕೀದು ಊಟಾಗೇತೇನ ಕೇಳ್ರಿ. ಮುಂಜಾನಿಂದ ಏನೂ ತಿಂದಂಗಿಲ್ಲ, ಮಾರಿ ಬಾಡೇತಿ."

ಮೌನೇಶ ಬಾಗಿಲಿಗೆ ಬಂದು ನಿಂತ.

"ಆಗೇತಿ ಅಂತ ಹೇಳಣ್ಣಾ," ಎಂದಳು ವನಜಾ, ಒಳಗೆ ಕೇಳಿಸುವಷ್ಟು ಜೋರಾಗಿ. ಬೆಳಗಿನಿಂದ ಅವಳ ಹೊಟ್ಟೆಗೆ ಒಂದು ಗುಟುಕು ಚಹಾ ಕೂಡ ಬಿದ್ದಿರಲಿಲ್ಲ. "ಹೊಟ್ಟಿ ತುಂಬ ಆಗೇತಿ ಅಂತ ಹೇಳು."